ಬೋಣಿ ಹಣ್ಣು

ಊರಿಗೆ ಬೆಳಗಾಗುವ ಮುಂಚೆ ಆಕೆ ಮುಗಿಸಬೇಕಾದ ಕೆಲಸಗಳು ಇಷ್ಟು.

ಮೂರೂವರೆಗೆ ಏಳುವುದು. ಮುಖಕ್ಕೆ ಬರೀ ತಣ್ಣೀರು, ಸೋಪು ಮುಟ್ಟುವ ಹಾಗಿಲ್ಲ. ಬಾಯಿಗೆ ಉಪ್ಪುನೀರು, ಪೇಸ್ಟ್ ಕೂಡದು. ಕಾಫಿಯ ಮಾತೇ ಇಲ್ಲ. ಹಿತ್ತಲ ಬಾಗಿಲು ತೆಗೆದು ಒಂದಷ್ಟು ಹೊತ್ತು ಹೊರಗಿನ ಗಾಳಿಯನ್ನು ಎಳೆದು ಬಿಟ್ಟು ಮೂಗನ್ನು ಚೊಕ್ಕ ಮಾಡಿಕೊಳ್ಳುವುದು. ಆಮೇಲೆ ಅಡೆಕೋಣೆ, ಎಂದರೆ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವ ಕೋಣೆ. ಅಲ್ಲಿ ಗೋಣಿಚೀಲದ ಮೇಲೆ ಮಂಡಿಯೂರಿ, ಹುಲ್ಲನ್ನು ಪದರ ಪದರವಾಗಿ ಎತ್ತಿ, ಒಂದೊಂದೇ ಹಣ್ಣನ್ನು ಕೈಗೆ ತೆಗೆದುಕೊಂಡು, ತೊಟ್ಟಿನ ಹತ್ತಿರ ಮೂಗಿಟ್ಟು, ಹೆಬ್ಬೆರಳಿನಿಂದ ಒತ್ತಿಯೂ ಒತ್ತದ ಹಾಗೆ ನೋಡಿ, ನಾಲ್ಕು ಬುಟ್ಟಿಗಳಲ್ಲಿ ಒಂದಕ್ಕೆ ಹಾಕುವುದು. ಕೆಂಪು ಬಟ್ಟೆ ಕಟ್ಟಿದ ಬುಟ್ಟಿ ಇವತ್ತು ಮಧ್ಯಾಹ್ನದೊಳಗೆ ತಿನ್ನುವವರಿಗೆ. ಹಳದಿ ಇವತ್ತು ರಾತ್ರಿಗೆ. ಹಸಿರು ನಾಳೆಗೆ. ಬಿಳಿ ನಾಡಿದ್ದಿಗೆ. ಇನ್ನೂ ಮಾಗಬೇಕಾದದ್ದನ್ನು ಮಗ್ಗುಲು ಬದಲಿಸಿ ಮತ್ತೆ ಹುಲ್ಲಿಗೆ. ಕೊಳೆತದ್ದು ಡಬ್ಬಕ್ಕೆ, ಅರ್ಧ ಕೊಳೆತದ್ದು ಅಡುಗೆಮನೆಗೆ. ಆರಿಸಿದ್ದನ್ನು ಒದ್ದೆ ಬಟ್ಟೆಯಲ್ಲೊಮ್ಮೆ, ಒಣಬಟ್ಟೆಯಲ್ಲೊಮ್ಮೆ ಒರೆಸಿ, ಬುಟ್ಟಿಗಳನ್ನು ಅಂಗಡಿಯ ಬಾಗಿಲವರೆಗೆ ಹೊತ್ತು ತಂದಿಡುವುದು.

ಇಷ್ಟೂ ಆದ ಮೇಲೆ ಈರುಳ್ಳಿ. ಅದಕ್ಕೂ ಮುಂಚೆ ಈರುಳ್ಳಿ ಮುಟ್ಟಿದರೆ ಅವತ್ತಿನ ಮೂಗು ಕೆಟ್ಟಿತು ಅಂತಲೇ. ಹಾಗಾಗಿ ನಾಲ್ಕು ಜನರ ತಿಂಡಿ, ಮಧ್ಯಾಹ್ನದ ಅಡುಗೆ ಎಲ್ಲವೂ ಐದೂಕಾಲಿನಿಂದ ಆರೂವರೆಯೊಳಗೆ. ನಡುನಡುವೆ ಸ್ನಾನಕ್ಕೆ ನೀರು ಕಾಯಿಸುವುದು, ಚೆಲ್ಲಿದ ಹುಲ್ಲು ಗುಡಿಸುವುದು, ಗಂಡನ ಅಂಗಿಗೆ ಇಸ್ತ್ರಿ.

ಆಮೇಲೆ ಊರಿಗೆ ಬೆಳಗಾಗುತ್ತದೆ. ಬೆಳಗಾದ ಮೇಲಿನ ಕೆಲಸಗಳ ಮಾತು ಬೇರೆ.

ಆ ಮನೆಯ ಮುಂಭಾಗ ಅಂಗಡಿ, ಹಿಂಭಾಗ ಸಂಸಾರ, ನಡುವೆ ಕಿಟಕಿಯಿಲ್ಲದ ಅಡೆಕೋಣೆ. ಅಂಗಡಿಗೆ ಬಂದವರನ್ನು ಎಷ್ಟು ಬೇಕು ಎಂದು ಯಾರೂ ಮೊದಲು ಕೇಳುವುದಿಲ್ಲ. "ಯಾವಾಗ ತಿನ್ನೋದು?" ಎಂದು ಕೇಳುತ್ತಾರೆ. ಕೇಳುವವನು ಆಕೆಯ ಗಂಡ. ಗಿರಾಕಿ ರಾತ್ರಿ ಊಟ ಆದ ಮೇಲೆ ಎಂದರೆ ಅವನು ಹಳದಿ ಬುಟ್ಟಿಯಿಂದ ಒಂದು ಹಣ್ಣೆತ್ತಿ, ಅದೇನೋ ಗುಟ್ಟು ಹೇಳುತ್ತಿದೆ ಎಂಬಂತೆ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಾನೆ. "ಎಂಟೂವರೆ ಆಗಲಿ. ಅದಕ್ಕೆ ಮುಂಚೆ ಕುಯ್ದು ಆಮೇಲೆ ನನ್ನನ್ನ ಬೈಬೇಡಿ." ಗಿರಾಕಿ ಮನೆಗೆ ಹೋಗಿ ಗಡಿಯಾರ ನೋಡಿಕೊಂಡು ಕುಯ್ಯುತ್ತಾರೆ. ಹಣ್ಣು ಅವನು ಹೇಳಿದ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಮಾವು, ಉಳಿದ ದಿನಗಳಲ್ಲಿ ಸಪೋಟ, ಸೀತಾಫಲ, ಪಪ್ಪಾಯಿ, ಯಾವುದೇ ಆಗಲಿ. ಊರಿಗೆಲ್ಲ ಅವನು ಗಳಿಗೆಯಣ್ಣ. ದಿನಕ್ಕೆ ಹತ್ತು ಸಲ ನಶ್ಯ ಏರಿಸುವ ಅವನ ಮೂಗಿಗೆ ಸೀಬೆಹಣ್ಣಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. ತಿಳಿಯಬೇಕಾದ ಅಗತ್ಯವೂ ಇಲ್ಲ, ಬಟ್ಟೆಯ ಬಣ್ಣ ತಿಳಿದರೆ ಸಾಕು.

ಒಮ್ಮೆ ಹೊಸ ಗಿರಾಕಿಯೊಬ್ಬರು ಕೇಳಿದರು: "ಒಳಗೆ ಕೆಲಸಕ್ಕೆ ಎಷ್ಟು ಜನ ಇದ್ದಾರೆ?"

"ಕೆಲಸಕ್ಕೆ ಯಾರೂ ಇಲ್ಲ. ಮನೆಯವರು ಇದ್ದಾರೆ, ಒರೆಸಿ ಕೊಡ್ತಾರೆ."

ಬಾಗಿಲ ಹಿಂದೆ ಬಿಳಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಆಕೆಗೆ ಅದು ಕೇಳಿಸಿತು. ಒರೆಸಿ ಕೊಡುವುದೂ ನಿಜವೇ ಆಗಿದ್ದರಿಂದ, ಅವನ ಮಾತನ್ನು ಸುಳ್ಳು ಎನ್ನುವ ಹಾಗೂ ಇರಲಿಲ್ಲ.

ಇಪ್ಪತ್ತಾರು ವರ್ಷಗಳ ಹಿಂದೆ ಆಕೆಯನ್ನು ನೋಡಲು ಬಂದಾಗ ಗಂಡಿನ ತಾಯಿ ಕೈಚೀಲದಲ್ಲಿ ಮೂರು ಮಾವಿನ ಹಣ್ಣು ತಂದಿದ್ದರು. ಮೂರೂ ಒಂದೇ ಗಾತ್ರ, ಒಂದೇ ಬಣ್ಣ. ಬೇರೆಯವರಾಗಿದ್ದರೆ ಅಡುಗೆ ಬರುತ್ತಾ, ಹೊಲಿಗೆ ಬರುತ್ತಾ ಎಂದು ಕೇಳುತ್ತಿದ್ದರು. ಇವರು ಮೂರನ್ನೂ ಸಾಲಾಗಿ ಇಟ್ಟು, "ಹುಡುಗಿ, ಇದರಲ್ಲಿ ಯಾವುದನ್ನ ಮೊದಲು ತಿನ್ನಬೇಕು, ಯಾವುದನ್ನ ಆಮೇಲೆ, ಹೇಳು ನೋಡೋಣ" ಎಂದರು.

ಆಕೆಗೆ ಆಗ ಹತ್ತೊಂಬತ್ತು. ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಈ ಸಂಬಂಧ ಬೇಡವಾಗಿತ್ತು. ಹಣ್ಣಿನ ಪರೀಕ್ಷೆಯ ಸುದ್ದಿ ಹೇಗೋ ಮೊದಲೇ ತಿಳಿದಿದ್ದರಿಂದ ಅಕ್ಕ ಹಿಂದಿನ ದಿನವೇ ಕಿವಿಯಲ್ಲಿ ಹೇಳಿಕೊಟ್ಟಿದ್ದಳು: "ಏನಾದರೂ ತಪ್ಪು ಹೇಳಿಬಿಡು. ಅವರೇ ಎದ್ದು ಹೋಗ್ತಾರೆ." ತಪ್ಪು ಹೇಳಬೇಕೆಂದೇ ಆಕೆ ಮೊದಲ ಹಣ್ಣನ್ನು ಎತ್ತಿದಳು. ಮೂಗಿಗೆ ಹಿಡಿದಳು. ಎರಡನೆಯದನ್ನು ಹಿಡಿದಳು. ಮೂರನೆಯದನ್ನು ಹಿಡಿದಾಗ ಅದರೊಳಗಿನ ಕೊರತೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಸುಮ್ಮನಿರಲಾಗಲಿಲ್ಲ. "ಇದು ಈಗಲೇ. ಇದು ನಾಳೆ. ಇದನ್ನ ಬಲಿಯೋ ಮುಂಚೆ ಕಿತ್ತುಬಿಟ್ಟಿದ್ದಾರೆ. ಮೇಲೆ ಬಣ್ಣ ಬರುತ್ತೆ, ಒಳಗೆ ಹುಳಿಯಾಗೇ ಇರುತ್ತೆ."

ಮೂರನೆಯದರ ಸಂಗತಿ ಗಂಡಿನ ತಾಯಿಗೂ ತಿಳಿದಿರಲಿಲ್ಲ. ಕುಯ್ದು ನೋಡಿದರು, ಹಲ್ಲು ಜುಮ್ಮೆನ್ನುವ ಹುಳಿ. ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅತ್ತೆಗೆ ತಾನು ಅಷ್ಟು ಇಷ್ಟವಾದೆನಲ್ಲ ಎಂದು ಅವತ್ತು ಆಕೆಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಅತ್ತೆಯ ಬೆರಳುಗಳ ಗೆಣ್ಣುಗೆಣ್ಣಿಗೂ ಬಿರುಕು ಬಿಟ್ಟಿದ್ದನ್ನು ಕೈ ಗಮನಿಸಿತ್ತು, ಮನಸ್ಸು ಗಮನಿಸಿರಲಿಲ್ಲ. ಮದುವೆಯಾದ ಮುಂದಿನ ಬೇಸಿಗೆಯಲ್ಲಿ ಅತ್ತೆ ತಮ್ಮ ಹಾಸಿಗೆಯನ್ನು ಅಡೆಕೋಣೆಯ ಪಕ್ಕದಿಂದ ಎತ್ತಿಸಿ ಬೀದಿ ಕಡೆಯ ಕೋಣೆಯಲ್ಲಿ ಹಾಕಿಸಿಕೊಂಡು, ಬೆಳಗ್ಗೆ ಏಳರವರೆಗೆ ಮಲಗಿದರು. ಮಲಗಿದವರ ಗೊರಕೆಯನ್ನು ಹುಲ್ಲಿನ ನಡುವೆ ಕೂತು ಕೇಳುತ್ತಿದ್ದಾಗ ಆಕೆಗೆ ಅವತ್ತಿನ ಕೈ ಹಿಡಿತದ ಅರ್ಥವಾಯಿತು.

ಟೈಪಿಂಗ್ ಪರೀಕ್ಷೆಯ ಬಗ್ಗೆ "ಮುಂದಿನ ವರ್ಷ ಕಟ್ಟಿದರಾಯ್ತು" ಎಂದಿದ್ದರು. ಯಾರೂ ಇಲ್ಲವೆಂದಿರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಆಕೆಯ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂತು. ಕೋಣೆಯ ತುಂಬ ಅಡೆ ಹಾಕಿತ್ತು. "ಎರಡೇ ದಿನ ತಡಿ. ಇದನ್ನ ಇಳಿಸಿಬಿಟ್ಟು ಹೋಗು. ಹಣ್ಣು ಕಾಯುತ್ತಾ?" ಎಂದ ಗಂಡ. ಅದೂ ನಿಜವೇ. ಹಣ್ಣು ಕಾಯಲಿಲ್ಲ, ತಾಯಿಯೂ ಕಾಯಲಿಲ್ಲ. ಆದರೆ ಹಣ್ಣು ಮಾತ್ರ ಹೊತ್ತಿಗೆ ಸರಿಯಾಗಿ ಸೇರಬೇಕಾದವರ ಕೈ ಸೇರಿತು.

ಹೀಗೆ ಇಪ್ಪತ್ತಾರು ವರ್ಷ. ಈ ಇಪ್ಪತ್ತಾರು ವರ್ಷದಲ್ಲಿ ಆಕೆ ಒಂದೇ ಒಂದು ಹಣ್ಣನ್ನೂ ಅದರ ಗಳಿಗೆಯಲ್ಲಿ, ಇಡಿಯಾಗಿ ತಿಂದಿರಲಿಲ್ಲ. ತಿನ್ನಬೇಡ ಎಂದು ಯಾರೂ ಹೇಳಿರಲಿಲ್ಲ. ಗಳಿಗೆ ಸರಿಯಿದ್ದದ್ದು ಬುಟ್ಟಿಗೆ ಹೋಗುತ್ತಿತ್ತು, ಗಳಿಗೆ ಮೀರಿದ್ದು ಮನೆಗೆ ಬರುತ್ತಿತ್ತು, ಅಷ್ಟೆ. ಮನೆಗೆ ಬಂದದ್ದರಲ್ಲೂ ಕೊಳೆತ ಭಾಗ ಕೆತ್ತಿ ತೆಗೆದು ಉಳಿದ ಹೋಳುಗಳು ಗಂಡನ ತಟ್ಟೆಗೆ, ಮಕ್ಕಳ ತಟ್ಟೆಗೆ. ಓಟೆ ಆಕೆಗೆ. ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ನಿಂತು ಚೀಪಿ ಎಸೆಯುವುದು. ಊರಿಗೇ ಒಳ್ಳೆಯ ಹಣ್ಣು ತಿನ್ನಿಸಿದವಳಿಗೆ ಒಳ್ಳೆಯ ಹಣ್ಣಿನ ವಾಸನೆ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ.

ಇದು ಆಕೆಗೆ ಹೊಳೆದದ್ದು ಪೋಸ್ಟ್ ಮಾಸ್ಟರಿಂದ. ಅವರು ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಜನಕ್ಕೆ ಇನ್ನೂ ಪೋಸ್ಟ್ ಮಾಸ್ಟರೇ. ಬೆಳಗ್ಗೆ ಆರೂವರೆಗೆ ವಾಕಿಂಗ್ ಮುಗಿಸಿ ಬಂದು ಒಂದೇ ಒಂದು ಹಣ್ಣು ಕೊಳ್ಳುತ್ತಾರೆ, ಅಂಗಡಿಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಸಣ್ಣ ಚಾಕುವಿನಿಂದ ಕುಯ್ದು ಅಲ್ಲೇ ತಿನ್ನುತ್ತಾರೆ. ದಿನದ ಮೊದಲ ವ್ಯಾಪಾರ ಅವರದೇ, ಅದಕ್ಕೇ ಅದು ಬೋಣಿ ಹಣ್ಣು. ಯಾವ ಬುಟ್ಟಿಗೂ ಹಾಕದೆ, ಆ ಕ್ಷಣಕ್ಕೆ ಸರಿಯಾಗಿರುವ ಒಂದನ್ನು ಆರಿಸಿ, ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ತಟ್ಟೆಯಲ್ಲಿ ಇಡುವುದು ಆಕೆಯ ರೂಢಿ. ಮೊದಲ ಹೋಳು ಬಾಯಿಗಿಟ್ಟ ಪೋಸ್ಟ್ ಮಾಸ್ಟರ ಮುಖವನ್ನು ಗಂಡ ಕೂತಲ್ಲಿಂದಲೇ ನೋಡುತ್ತಾನೆ. ಆ ಮುಖ ಅರಳಿದರೆ ಅವತ್ತಿನ ಅಡೆ ಸರಿಯಿದೆ ಎಂದು ಅವನ ಗಟ್ಟಿ ನಂಬಿಕೆ.

ಒಂದು ದಿನ ಗಂಡ ಮಂಡಿಗೆ ಹೋಗಿದ್ದಾಗ ಪೋಸ್ಟ್ ಮಾಸ್ಟರು ಚಾಕು ತೊಳೆಯಲೆಂದು ಹಿತ್ತಲ ನಲ್ಲಿಯ ಹತ್ತಿರ ಬಂದರು.

"ತಾಯಿ, ನಿಮ್ಮ ಯಜಮಾನರ ಕೈಯಲ್ಲಿ ಏನೋ ಇದೆ. ನಮ್ಮಾಕೆ ಹೋದ ಮೇಲೆ ಬೆಳಗ್ಗೆ ಏಳೋದಕ್ಕೆ ನನಗೊಂದು ನೆಪ ಅಂತ ಇದ್ದರೆ ಅದು ಈ ಹಣ್ಣೇ."

"ಇವತ್ತಿನದು ಹೇಗಿತ್ತು?" ಎಂದಳು ಆಕೆ.

ಹೊಗಳಿಕೆ ಕೇಳುತ್ತಿದ್ದಾಳೆ ಎಂದುಕೊಂಡು ಅವರು ನಕ್ಕರು. "ಹೇಗೆ ಹೇಳಲಿ? ಬಾಯಿಗಿಟ್ಟರೆ ಹಲ್ಲಿಗೆ ಕೆಲಸಾನೇ ಇಲ್ಲ. ಸಿಹಿ ಮೊದಲು ಬರಲ್ಲ ನೋಡಿ. ಮೊದಲು ಒಂದು ತಂಪು. ಆಮೇಲೆ ಸಿಹಿ. ಕೊನೇಲಿ ಗಂಟಲ ಹತ್ತಿರ ಒಂಚೂರು ಹುಳಿ, ಇದ್ದೂ ಇಲ್ಲದ ಹಾಗೆ. ಅದಿಲ್ಲದಿದ್ದರೆ ಸಿಹಿಗೆ ಅರ್ಥವೇ ಇಲ್ಲ. ನಿಮಗೇನು ಹೇಳೋದು ಬಿಡಿ, ದಿನಾ ತಿನ್ನೋರು ನೀವು."

"ಹೂಂ" ಎಂದಳು.

ಅವತ್ತಿನಿಂದ ಬೋಣಿ ಹಣ್ಣಿಗೆ ಮೂಗಿಡುವಾಗಲೆಲ್ಲ ಆಕೆ ಆ ಕೊನೆಯ ಹುಳಿಯನ್ನು ಹುಡುಕುತ್ತಿದ್ದಳು. ವಾಸನೆಯಲ್ಲಿ ಅದು ಸಿಗುತ್ತಿರಲಿಲ್ಲ.

ಈ ವರ್ಷ ಆಕೆಯ ಕೈ ಕೈಕೊಟ್ಟಿತು. ಮಾವಿನ ಸೊನೆ, ಹುಲ್ಲಿನ ಧೂಳು, ಅದರ ಮೇಲೆ ಪಾತ್ರೆಯ ಸೋಪು. ಬೆರಳುಗಳು ಅತ್ತೆಯ ಬೆರಳುಗಳೇ ಆದವು, ಆಮೇಲೆ ಅದಕ್ಕಿಂತ ಕೆಟ್ಟವು. ಬಿರುಕಿನಲ್ಲಿ ಕೀವು ಕಂಡಾಗ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕೈ ಹಿಂದೆ ಮುಂದೆ ತಿರುಗಿಸಿ ನೋಡಿ, ಆರು ತಿಂಗಳು ಹಣ್ಣನ್ನೂ ಹುಲ್ಲನ್ನೂ ಮುಟ್ಟುವ ಹಾಗಿಲ್ಲ ಎಂದರು.

"ಬೆರಳಿಗೆ ತಾನೇ ಆಗಿರೋದು? ಮೂಗು ನೆಟ್ಟಗಿದೆಯಲ್ಲ" ಎಂದ ಗಂಡ. "ಕೈಗೆ ಗ್ಲೌಸ್ ಹಾಕ್ಕೋ."

ರಬ್ಬರಿನ ಗ್ಲೌಸ್ ತಂದುಕೊಟ್ಟ. ಅವತ್ತು ಕೋಣೆಯೆಲ್ಲ ರಬ್ಬರಿನ ವಾಸನೆಯೇ ಆಗಿ, ನಾಲ್ಕು ಬುಟ್ಟಿಗಳೂ ಕಲಸುಮೇಲೋಗರವಾದವು. ಮಾರನೆಯ ದಿನ ಬೆಳಗ್ಗೆ ಆಕೆ ಎದ್ದು ಹೋಗುವಷ್ಟರಲ್ಲಿ ಮಗಳು ಹುಲ್ಲಿನ ಮುಂದೆ ಕೂತಿದ್ದಳು.

ಮಗಳನ್ನು ಮನೆಯಲ್ಲಿ ಇಲಿ ಎನ್ನುತ್ತಾರೆ. ಅಂಬೆಗಾಲಿಡುವಾಗಲೇ ಕಂಡದ್ದನ್ನೆಲ್ಲ ಮೂಸುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು. ಹದಿನೆಂಟು ತುಂಬಿದೆ. ಬೇರೆ ಊರಿನಲ್ಲಿ ಎರಡು ವರ್ಷದ ಲ್ಯಾಬ್ ಕೋರ್ಸಿಗೆ ಸೀಟು ಸಿಕ್ಕಿದೆ, ಹಾಸ್ಟೆಲ್ಲೂ ಇದೆ. ಬರುವ ಶನಿವಾರದೊಳಗೆ ಹೋಗಿ ಕಾಗದಪತ್ರ ಕೊಟ್ಟು ಸೇರಬೇಕು. ಅಪ್ಪ ಒಪ್ಪಿಯೂ ಆಗಿತ್ತು. ಆದರೆ ಇಲಿ ಮೂರು ಬೆಳಗ್ಗೆ ಅಡೆ ಇಳಿಸಿದ್ದನ್ನು, ಮೂರು ದಿನವೂ ಒಬ್ಬ ಗಿರಾಕಿಯೂ ಗೊಣಗದ್ದನ್ನು ನೋಡಿ ಅವನಿಗೆ ಬೇರೆ ಯೋಚನೆ ಬಂತು.

ಈ ಕೆಲಸಕ್ಕೆ ಮಗನನ್ನೂ ನಾಲ್ಕು ವರ್ಷದ ಹಿಂದೆ ಒಂದು ವಾರ ಕೂರಿಸಿ ನೋಡಿದ್ದರು. ದೊಡ್ಡವನು ಆರಿಸಿದ ಮೂರು ಹಣ್ಣಿನಲ್ಲಿ ಒಂದು ತಪ್ಪಿರುತ್ತಿತ್ತು. ಗಿರಾಕಿಗಳು ಜಗಳಕ್ಕೆ ಬಂದರು. "ಗಂಡು ಮಕ್ಕಳಿಗೆ ಇದೆಲ್ಲ ಬರಲ್ಲ ಬಿಡು" ಎಂದು ಅಪ್ಪ ಅವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಬರದವನಿಗೆ ಕುರ್ಚಿ ಸಿಕ್ಕಿತು, ಫ್ಯಾನೂ ಸಿಕ್ಕಿತು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಂಡ ಮಾತು ತೆಗೆದ.

"ಕೋರ್ಸು ಎಲ್ಲಿಗೆ ಓಡಿಹೋಗುತ್ತೆ? ಅಲ್ಲಿ ಕಂಡವರ ರಕ್ತ, ಉಚ್ಚೆ ಪರೀಕ್ಷೆ ಮಾಡೋ ಬದಲು ಇಲ್ಲಿ ಹಣ್ಣು ಪರೀಕ್ಷೆ ಮಾಡಲಿ." ತನ್ನ ಮಾತಿಗೆ ತಾನೇ ನಕ್ಕ. ದೊಡ್ಡವನೂ ನಕ್ಕ.

"ಸೀಟು ಬಿಟ್ಟರೆ ಮತ್ತೆ ಸಿಗಲ್ಲ ರೀ" ಎಂದಳು ಆಕೆ, ಬಡಿಸುತ್ತಿದ್ದ ಸೌಟು ಹಿಡಿದೇ.

"ನಿನ್ನ ಕೈ ನೋಡ್ಕೊಂಡಿದ್ದೀಯಾ? ನಿನ್ನಿಂದ ಆಗಲ್ಲ. ಇವನಿಂದ ಆಗಲ್ಲ. ಅಂಗಡಿ ಏನು ಗಾಳಿ ಮೇಲೆ ನಡೆಯುತ್ತಾ?" ಎರಡು ತುತ್ತು ತಿಂದು ಅವನೇ ತೀರ್ಪು ಕೊಟ್ಟ. "ನ್ಯಾಯವಾಗಿಯೇ ಹೇಳ್ತೀನಿ. ನಾಳೆ ಇಡೀ ಅಡೆ ಅವಳದು. ಬೋಣಿ ಹಣ್ಣೂ ಅವಳದೇ. ನೀನು ಆ ಕೋಣೆಗೆ ಕಾಲಿಡಬೇಡ, ಹೇಳಿಕೊಡೋದೂ ಬೇಡ. ಪೋಸ್ಟ್ ಮಾಸ್ಟರ ಮುಖ ನೋಡಿದರೆ ನನಗೆ ಗೊತ್ತಾಗುತ್ತೆ. ಬಂತು ಅಂದರೆ ಮನೇಲಿರಲಿ. ಬರಲಿಲ್ಲ ಅಂದರೆ ಶನಿವಾರ ನಾನೇ ಬಸ್ ಹತ್ತಿಸಿ ಬರ್ತೀನಿ. ಆಯ್ತೇನೇ ಇಲಿ?"

"ಆಯ್ತಪ್ಪ" ಎಂದಳು ಇಲಿ. ಅವಳ ಮುಖದಲ್ಲಿ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡವರ ಕಳೆ ಇತ್ತು.

ಸಂಜೆ ಅಡುಗೆಮನೆಯಲ್ಲಿ ಮಗಳು ತಾಯಿಯ ಬೆರಳುಗಳಿಗೆ ಮುಲಾಮು ಹಚ್ಚುತ್ತಿದ್ದಳು. ಆ ಮುಲಾಮಿಗೂ ವಾಸನೆ ಇರಬಾರದೆಂದು ಮೂರು ಅಂಗಡಿ ಸುತ್ತಿ ಹುಡುಕಿ ತಂದವಳು ಅವಳೇ.

"ನಾಳೆ ತಪ್ಪು ಆರಿಸು" ಎಂದಳು ಆಕೆ.

"ಏನು?"

"ಕೆಂಪಿನದು ಒಂದಷ್ಟು ಹಸಿರಿಗೆ, ಹಸಿರಿನದು ಕೆಂಪಿಗೆ. ಪೂರ್ತಿ ಬೇಡ. ಶನಿವಾರ ಬಸ್ ಹತ್ತುತ್ತೀಯ."

ಇಲಿ ನಕ್ಕಳು. "ಮೊನ್ನೆ ಮಾಡಿ ನೋಡಿದೆ ಕಣಮ್ಮ. ಸುಮ್ಮನೆ ತಮಾಷೆಗೆ. ಮಧ್ಯಾಹ್ನಕ್ಕೆ ತಿನ್ನಬೇಕಾದ ಒಂದನ್ನ ಬೇಕಂತಲೇ ಹಸಿರಿಗೆ ಹಾಕಿದೆ. ಹಲ್ಲು ಸಂದೀಲಿ ನಾರು ಸಿಕ್ಕಿಹಾಕಿಕೊಂಡ ಹಾಗಾಯ್ತು. ಬೇರೆ ಯಾವುದಕ್ಕೂ ಮನಸ್ಸು ಹೋಗಲಿಲ್ಲ. ಕೊನೆಗೆ ಹೋಗಿ ತೆಗೆದು ಅದರ ಜಾಗಕ್ಕೇ ಇಟ್ಟೆ. ಗೊತ್ತಿದ್ದೂ ಗೊತ್ತಿದ್ದೂ ತಪ್ಪಿಡೋಕೆ ಕೈ ಬರಲ್ಲ."

ಆಕೆಗೆ ಅದು ತಿಳಿಯದ ಮಾತೇನಲ್ಲ.

"ಅಪ್ಪ ನಿನ್ನೆ ನನ್ನ ತಲೆ ಸವರಿದರು, ಗೊತ್ತಾ?" ಎಂದಳು ಮಗಳು ಮುಲಾಮಿನ ಮುಚ್ಚಳ ತಿರುಗಿಸುತ್ತ. "ಫಸ್ಟ್ ಕ್ಲಾಸಲ್ಲಿ ಪಾಸಾದಾಗಲೂ ಸವರಿರಲಿಲ್ಲ. ಹೋಗಲಿ ಬಿಡು. ನಿನ್ನ ಕೈ ಮೊದಲು ವಾಸಿಯಾಗಲಿ. ಮುಂದಿನ ವರ್ಷ ಸೇರಿದರಾಯ್ತು."

ಆಕೆ ಮುಲಾಮು ಒಣಗಲೆಂದು ಬೆರಳುಗಳನ್ನು ಅಗಲಿಸಿ ಹಿಡಿದಳು.

"ಅಮ್ಮ, ನಿಜ ಹೇಳು. ನಿನ್ನಷ್ಟು ಬರುತ್ತಾ ನನಗೆ?"

"ನಾಳೆ ಗೊತ್ತಾಗುತ್ತಲ್ಲ, ಮಲಕ್ಕೋ ಹೋಗು."

ಬೆಳಗ್ಗೆ ಮೂರೂವರೆಗೆ ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿಸಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆಕೆ ಆ ಸದ್ದನ್ನು ಹಾಸಿಗೆಯಲ್ಲಿ ಮಲಗಿ ಕೇಳಿದಳು. ಮೈಗೆ ಹಿತವೆನಿಸಿತು. ಹಿತವೆನಿಸಿದ್ದು ತಿಳಿದ ಕೂಡಲೇ ಎದ್ದು ಕೂತಳು. ಅತ್ತೆಗೂ ಹೀಗೇ ಹಿತವಾಗಿದ್ದಿರಬೇಕು.

ಕತ್ತಲಲ್ಲಿ ಹುಲ್ಲು ಸರಸರ ಎನ್ನುತ್ತಿತ್ತು. ಆಕೆಗೆ ಒಂದೂಮುಕ್ಕಾಲು ಗಂಟೆ ಹಿಡಿಯುವ ಕೆಲಸವನ್ನು ಮಗಳು ಇನ್ನೂ ಬೇಗ ಮುಗಿಸಿದಳು. ನಾಲ್ಕೂಮುಕ್ಕಾಲಿಗೆ ಬುಟ್ಟಿಗಳನ್ನು ಬಾಗಿಲ ಹತ್ತಿರ ಇಟ್ಟ ಸದ್ದು, ಆಮೇಲೆ ಬಚ್ಚಲಲ್ಲಿ ನೀರಿನ ಸದ್ದು. ಗಂಡ, ಮಗ ಇಬ್ಬರೂ ಆರಕ್ಕೆ ಮುಂಚೆ ಏಳುವವರಲ್ಲ.

ಆಕೆ ಕೋಣೆಗೆ ಹೋದಳು. ದೀಪ ಹಾಕಲಿಲ್ಲ, ಈ ಕೆಲಸಕ್ಕೆ ದೀಪ ಬೇಕಿರಲಿಲ್ಲ, ಬುಟ್ಟಿಗಳನ್ನು ಇಡುವ ಸಾಲೂ ಎಂದಿನದೇ. ನೋಡೋಣ, ಹುಡುಗಿ ಒಂದೆರಡು ಕಡೆ ತಾನಾಗಿಯೇ ಎಡವಿರಬಹುದು ಎಂಬ ಆಸೆ ಇನ್ನೂ ಇತ್ತು. ಕೆಂಪು ಬುಟ್ಟಿಯ ಹೊದಿಕೆ ಸರಿಸಿ ಮೇಲಿನ ಹಣ್ಣಿಗೆ ಮೂಗಿಟ್ಟಳು. ಸರಿಯಿತ್ತು. ಕೆಳಗಿನದೂ ಸರಿಯಿತ್ತು. ಹಳದಿಗೆ ಹೋದಳು. ಹಳದಿ ಬುಟ್ಟಿಯಲ್ಲಿ ಬರೀ ರಾತ್ರಿಯ ಹಣ್ಣುಗಳಲ್ಲ, ಬೇಗ ಉಣ್ಣುವವರಿಗೆ ಮೇಲೆ, ತಡವಾಗಿ ಉಣ್ಣುವವರಿಗೆ ಕೆಳಗೆ ಎಂದು ಮಗಳು ಗಂಟೆಗಂಟೆಗೆ ಸಾಲಾಗಿ ಇಟ್ಟಿದ್ದಳು. ಇಷ್ಟು ಸೂಕ್ಷ್ಮ ಆಕೆಗೇ ಎಂದೂ ಹೊಳೆದಿರಲಿಲ್ಲ.

ಎದೆ ಉಬ್ಬಿ ಬಂತು. ಹೋಗಿ ಬಚ್ಚಲ ಬಾಗಿಲು ತಟ್ಟಿ ಹೇಳಿಬಿಡಬೇಕು ಅನ್ನಿಸಿತು: ನನ್ನಷ್ಟಲ್ಲ ಕಣೇ, ನನಗಿಂತ. ಅದನ್ನು ಹೇಳಿದರೆ ಹುಡುಗಿಯ ಮುಖ ಹೇಗಾಗುತ್ತದೆ ಎಂದೂ ಕಂಡಿತು. ಆ ಮುಖ ಇಟ್ಟುಕೊಂಡೇ ಅವಳು ನಾಳೆ, ನಾಡಿದ್ದು, ಮುಂದಿನ ವರ್ಷ, ಮೂರೂವರೆಗೆ ಎದ್ದು ಈ ಗೋಣಿಚೀಲದ ಮೇಲೆ ಮಂಡಿಯೂರುತ್ತಾಳೆ.

ಆಕೆ ಮಂಡಿಯೂರಿದಳು. ಕೆಂಪಿನಿಂದ ಒಂದು ತೆಗೆದು ಹಸಿರಿಗೆ ಹಾಕಿದಳು. ಹಸಿರಿನದು ಕೆಂಪಿಗೆ. ಬಿಳಿಯದು ಹಳದಿಗೆ. ಮಗಳು ಹೇಳಿದ್ದು ನಿಜ, ಒಂದೊಂದನ್ನು ತಪ್ಪು ಜಾಗಕ್ಕಿಡುವಾಗಲೂ ಕೈ ಹಿಂದೆ ಹಿಂದೆ ಜಗ್ಗುತ್ತಿತ್ತು. ಎಲ್ಲವನ್ನೂ ಬದಲಿಸಿದರೆ ಯಾರೋ ಬೇಕಂತ ಮಾಡಿದ್ದು ಎಂದು ಗೊತ್ತಾಗುತ್ತದೆ. ಮೂಗಿಲ್ಲದವರ ತಪ್ಪು ಹೇಗಿರುತ್ತದೆಂದು ದೊಡ್ಡವನ ಬುಟ್ಟಿಗಳಲ್ಲಿ ನೋಡಿದ್ದಳು. ಮೂರಕ್ಕೊಂದು. ಮೂರಕ್ಕೊಂದೇ ಬದಲಿಸುತ್ತ ಹೋದಳು. ಒಣಗುತ್ತಿದ್ದ ಬಿರುಕುಗಳು ಮತ್ತೆ ಬಾಯಿ ಬಿಟ್ಟವು.

ಇವತ್ತು ಬೈಗುಳ ತಿನ್ನುವವಳು ಇಲಿ. ಅಪ್ಪ ತಲೆ ಸವರಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಳುತ್ತ ಬಂದು, ನಾನು ಸರಿಯಾಗೇ ಇಟ್ಟಿದ್ದೆ ಅಲ್ವೇನಮ್ಮ ಎಂದು ಕೇಳುತ್ತಾಳೆ. ಆಗ ಇಲ್ಲ ಕಣೇ, ನಿನಗೆ ಇದು ಬರಲ್ಲ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಹುಡುಗಿ ಅದನ್ನು ನಂಬಬೇಕು. ನಂಬಿ, ತನ್ನ ಮೂಗಿನ ಮೇಲೆ ತನಗೇ ಭರವಸೆ ಇಲ್ಲದೆ ಬಸ್ ಹತ್ತಬೇಕು. ಅಷ್ಟನ್ನೂ ಯೋಚಿಸುತ್ತಲೇ ಕೊನೆಯ ಹಣ್ಣನ್ನು ಬದಲಿಸಿ, ಹೊದಿಕೆಗಳನ್ನು ಮೊದಲಿದ್ದ ಹಾಗೇ ಮುಚ್ಚಿದಳು.

ಗೂಡಿನಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಬೋಣಿ ಹಣ್ಣು.

ಇದನ್ನು ಮುಟ್ಟುವುದು ಬೇಡ ಅನ್ನಿಸಿತು. ಆ ಮುದುಕರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಬೆಳಗ್ಗೆ ಏಳುವುದಕ್ಕೆ ಅವರಿಗಿರುವುದು ಇದೊಂದೇ ನೆಪ. ಒಂದು ಹಣ್ಣು ಸರಿಯಿದ್ದರೆ ಏನಾಗುತ್ತದೆ? ಆದರೆ ಗಂಡ ನೋಡುವುದು ಅವರ ಮುಖವನ್ನೇ. ಆ ಮುಖ ಅರಳಿದರೆ ಅವನು ಮುಂದೆ ಯಾವ ಗಿರಾಕಿಯ ಗೊಣಗಾಟವನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಸ ಕೈ, ಒಂದೆರಡು ದಿನದಲ್ಲಿ ಕುದುರುತ್ತೆ ಎಂದುಬಿಡುತ್ತಾನೆ.

ಆಕೆ ಹುಲ್ಲಿನೊಳಗೆ ಕೈಯಾಡಿಸಿ, ಮೂಸಿ ಮೂಸಿ ಬಿಟ್ಟು, ಕೊನೆಗೆ ಒಂದನ್ನು ಹೊರಗೆ ತೆಗೆದಳು. ಬಲಿಯುವ ಮುಂಚೆ ಕಿತ್ತದ್ದು. ಗಾತ್ರ ಅದೇ. ಬಾಗಿಲ ಸಂದಿಯ ಮಬ್ಬು ಬೆಳಕಿನಲ್ಲಿ ಹಿಡಿದು ನೋಡಿದಳು, ಬಣ್ಣವೂ ಅದೇ. ಒಳಗೆ ಏನಿದೆ ಎಂದು ಆಕೆಗೆ ಗೊತ್ತಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಮಗಳು ಆರಿಸಿಟ್ಟಿದ್ದನ್ನು ಎತ್ತಿಕೊಂಡಳು.

ಈಗ ಆ ಹಣ್ಣಿಗೆ ಯಾವ ಬುಟ್ಟಿಯಲ್ಲೂ ಜಾಗವಿರಲಿಲ್ಲ. ಮತ್ತೆ ಹುಲ್ಲಿಗೆ ಹಾಕುವ ಹಾಗಿರಲಿಲ್ಲ, ಅದರ ಗಳಿಗೆ ಇದೇ.

ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಟ್ಟಿನ ಹತ್ತಿರ ಹಲ್ಲಿನಿಂದ ಸಿಪ್ಪೆ ಕಚ್ಚಿ ತೆಗೆದಳು. ಮೊದಲು ತಂಪು. ಆಮೇಲೆ ಸಿಹಿ, ಇಷ್ಟು ಸಿಹಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ರಸ ಬೆರಳುಗಳ ಮೇಲೆ ಹರಿದು ಬಿರುಕುಗಳಿಗೆ ಇಳಿಯಿತು, ಕೆಂಡ ಮುಟ್ಟಿದ ಹಾಗೆ ಉರಿಯಿತು. ಕೈ ಕೊಡವಲಿಲ್ಲ. ಬಚ್ಚಲಲ್ಲಿ ಮಗಳು ಏನೋ ಗುನುಗುತ್ತ ನೀರು ಸುರಿದುಕೊಳ್ಳುತ್ತಿದ್ದಳು. ಆಕೆ ನಿಧಾನವಾಗಿ ತಿಂದಳು, ಕೆನ್ನೆಗೆ ಮೆತ್ತಿದ್ದನ್ನೂ ಬಿಡದೆ, ಮೊಣಕೈಗೆ ಇಳಿದದ್ದನ್ನೂ ಬಿಡದೆ. ಕೊನೆಯಲ್ಲಿ ಗಂಟಲ ಹತ್ತಿರ ಆ ಹುಳಿ ಸಿಕ್ಕಿತು, ಇದ್ದೂ ಇಲ್ಲದ ಹಾಗೆ.

ಓಟೆಯನ್ನು ಕೊಳೆತ ಹಣ್ಣಿನ ಡಬ್ಬದ ತಳಕ್ಕೆ ತುರುಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಅಡುಗೆಮನೆಗೆ ಹೋಗಿ ಈರುಳ್ಳಿ ಕೈಗೆತ್ತಿಕೊಂಡಳು. ಐದೂಕಾಲಾಗಿತ್ತು.